ಬನ್ನೇರುಘಟ್ಟದ ಮೃಗೋದ್ಯಾನ

ಬೆಂಗಳೂರಿನ ಬಿಳೇಕಹಳ್ಳಿಯನ್ನು ಹಾಯ್ದು ದಕ್ಷಿಣಾಭಿಮುಖವಾಗಿ ಸಾಗುವ ಬನ್ನೇರುಘಟ್ಟ ರಸ್ತೆಯು, ಇಂದು ಇಕ್ಕೆಲಗಳಲ್ಲಿಯೂ ಬಹುಮಹಡಿಯ ಕಟ್ಟಡಗಳಿಂದ ಇಡಿಕಿರಿದಿದ್ದರೂ, ಹಿಂದೆ ಹೊಲಗದ್ದೆಗಳ ನಡುವೆ ಬನ್ನೇರುಘಟ್ಟದ ಚಂಪಕಧಾಮಸ್ವಾಮಿಯ ಸನ್ನಿಧಿಗೂ ಅದರಾಚೆಯ ಅರಣ್ಯಕ್ಕೂ ಜನರನ್ನು ಒಯ್ಯುತ್ತಿದ್ದ ಹಳ್ಳಿಗಾಡಿನ ಹಾದಿಯಾಗಿದ್ದಿತು.

ಆ ಅರಣ್ಯದ ಅಂಚಿನಲ್ಲಿ ಇಂದಿರುವ ಮೃಗೋದ್ಯಾನದ ಕಥೆಯನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ನಮ್ಮ ನಾಡಿನಲ್ಲಿ ವನ್ಯಮೃಗವು ಮೊದಲು ಉದ್ಯಾನದ ಅಲಂಕಾರವಾಗಿಯೇ ನಗರವನ್ನು ಪ್ರವೇಶಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಲಾಲ್‌ಬಾಗಿನ ಹೂಗಿಡಗಳ ನಡುವೆ ಪ್ರಾಣಿಸಂಗ್ರಹವೊಂದಿದ್ದಿತು. ಅಲ್ಲಿಯ ಪಾರಿವಾಳದ ಗೂಡನ್ನು ಇಂದಿಗೂ ನೋಡಬಹುದು. 1892ರಲ್ಲಿ ಚಾಮರಾಜೇಂದ್ರ ಒಡೆಯರು ಮೈಸೂರಿನಲ್ಲಿ ಸ್ಥಾಪಿಸಿದ ಮೃಗಾಲಯವು ಅರಮನೆಯ ಆಶ್ರಯದಲ್ಲಿ ಬೆಳೆದು, ಸ್ವಾತಂತ್ರ್ಯಾನಂತರ ಉದ್ಯಾನ ಇಲಾಖೆಯ ಅಧೀನವಾಗಿ, 1972ರಲ್ಲಿ ಅರಣ್ಯ ಇಲಾಖೆಗೆ ಸೇರಿತು. ತೋಟದ ಲೆಕ್ಕದಲ್ಲಿದ್ದ ಪ್ರಾಣಿಯು ಕಾಡಿನ ಲೆಕ್ಕಕ್ಕೆ ಬಂದ ಈ ಪರಿವರ್ತನೆಯನ್ನು ನಾನು ಬಹು ಮಹತ್ತ್ವದ್ದೆಂದೇ ಭಾವಿಸುತ್ತೇನೆ.

ಬನ್ನೇರುಘಟ್ಟವು ಆ ಪರಿವರ್ತನೆಯ ಸಂತಾನ. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಅರಣ್ಯದ ಅಂಚಿನಲ್ಲಿ ಬೆಳೆದ ಮೃಗಾಲಯ ಮತ್ತು ಸಫಾರಿಗಳು 2002ರಲ್ಲಿ ಜೈವಿಕ ಉದ್ಯಾನವಾಗಿ ಪ್ರತ್ಯೇಕಗೊಂಡವು. ಇಲ್ಲಿ ಕಿಟಕಿಗೆ ಜಾಲರಿ ಹೊದಿಸಿದ ಬಸ್ಸಿನೊಳಗೆ ಮನುಷ್ಯನೇ ಬಂದಿ. ಸಿಂಹವೋ, ಬಂಡೆಯ ನೆರಳಿನಲ್ಲಿ ಮೈಚಾಚಿ, ಬಂದವರನ್ನು ಅರೆಗಣ್ಣಿನಿಂದ ನೋಡಿ ಮತ್ತೆ ನಿದ್ರಿಸುತ್ತದೆ. ಉದ್ಯಾನದ ಪ್ರಾಣಿಗಳಿಗೆ ನೀರೆರೆಯುವುದು ಈ ಕಾಡಿನ ಮಧ್ಯದಲ್ಲಿ ಹರಿದು ಅರ್ಕಾವತಿಯತ್ತ ಸಾಗುವ ಸುವರ್ಣಮುಖಿ ಎಂಬ ಸಣ್ಣ ಹೊಳೆ. ನಗರವು ಕಾಡಿನ ಅಂಚಿಗೇ ಬಂದು ನಿಂತಿರುವ ಈ ಕಾಲದಲ್ಲಿ, ಮೃಗಗಳನ್ನು ನೋಡಿ ನಲಿಯಲು ಹೋಗುವ ನಾವೆಲ್ಲರೂ ಆ ಹೊಳೆಯನ್ನು ನಿರ್ಮಲವಾಗಿ ಉಳಿಸಬೇಕು.