ಕಡಲಿಲ್ಲದ ಕಲಬುರಗಿಗೆ ಬಂದರು

ಕಲಬುರಗಿಯ ಸರಕಿಗೆ ರೈಲು ಹೊಸದಲ್ಲ. ಮುಂಬೈಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಮಾರ್ಗ ತೆರೆಯಿತು. ಎರಡೂ ಕರಾವಳಿಗಳ ನಂಟು ಈ ಜಿಲ್ಲೆಗೆ ಆಗಲೇ ಸಿಕ್ಕಿತ್ತು. ಶಹಾಬಾದ್, ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಉದ್ಯಮ ಬೆಳೆದದ್ದು ನೆಲದಡಿಯ ಸುಣ್ಣದ ಕಲ್ಲು ಮತ್ತು ಈ ಹಳಿಗಳ ಬಲದಿಂದ.

ಆದರೆ ರೈಲು ಒಲಿದದ್ದು ದೊಡ್ಡ ಸರಕಿಗೆ. ಮುಚ್ಚಿದ ವ್ಯಾಗನ್‌ಗಳ ಒಂದು ರೇಕ್, ಅಂದರೆ ಇಡೀ ಗೂಡ್ಸ್ ರೈಲು, ತುಂಬಲು ಸುಮಾರು ಎರಡೂವರೆ ಸಾವಿರ ಟನ್ ಸರಕು ಒಂದೇ ಕಡೆ, ಒಂದೇ ಹೊತ್ತಿಗೆ ಬೇಕು. ಸಿಮೆಂಟ್ ಕಾರ್ಖಾನೆಗೆ ಅದು ಸಲೀಸು. ಇಪ್ಪತ್ತು ಟನ್ ಬೇಳೆ ಕಳಿಸಬೇಕಾದ ದಾಲ್ ಮಿಲ್‌ನವರಿಗೆ, ಶಹಾಬಾದಿನ ಪರಸಿ ಕಲ್ಲು ಮಾರುವವರಿಗೆ ಲಾರಿಯೇ ಗತಿ. ನನ್ನ ಮಟ್ಟಿಗೆ ಒಣ ಬಂದರಿನ (ಕಡಲಿಲ್ಲದ ಊರಲ್ಲೇ ಸರಕನ್ನು ಕಂಟೇನರ್‌ಗೆ ತುಂಬಿ ರೈಲಿನಲ್ಲಿ ಕಳಿಸುವ ನೆಲೆಯ) ಪ್ರಶ್ನೆ ಇರುವುದು ಇಲ್ಲೇ: ಚಿಲ್ಲರೆ ಸರಕನ್ನು ಒಟ್ಟುಮಾಡಿ ರೈಲಿಗೆ ಹತ್ತಿಸುವವರು ಯಾರು?

ಕಡಲಿನಿಂದ ದೂರವಿದ್ದೂ ಬಂದರಾದ ಜರ್ಮನಿಯ ಡ್ಯೂಸ್‌ಬರ್ಗ್‌ಗೆ ರೈನ್ ನದಿಯಿದೆ. ಅದು ಜಗತ್ತಿನ ಅತಿ ದೊಡ್ಡ ಒಳನಾಡು ಬಂದರೆಂದು ಹೆಸರಾಗಿದೆ. ನಮ್ಮ ಭೀಮೆಯೂ 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿದ್ದಾಳೆ. ಆದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರವಾಗುವ ನದಿಯ ಮೇಲೆ ಸರಕಿನ ಲೆಕ್ಕ ಹಾಕಲಾಗದು. ನಮಗೆ ಹಳಿಯೇ ನದಿ.

ಆ ದಾರಿಯನ್ನು ದೇಶಕ್ಕೆ ಮೊದಲು ತೋರಿದ್ದು ಕರ್ನಾಟಕ. 1981ರಲ್ಲಿ ಬೆಂಗಳೂರಿನಲ್ಲಿ ಭಾರತದ ಮೊದಲ ಒಳನಾಡು ಕಂಟೇನರ್ ಡಿಪೊ ಆರಂಭವಾಯಿತು; ಮುಂದೆ ವೈಟ್‌ಫೀಲ್ಡ್ ಅದರ ನೆಲೆಯಾಯಿತು. 1988ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಕಂಟೇನರ್ ಸಂಸ್ಥೆ ಕಾನ್‌ಕಾರ್ ಇಂಥ ಡಿಪೊಗಳನ್ನು ವಹಿಸಿಕೊಂಡಿತು. ಕೆಲಸ ನಡೆಯುವ ರೀತಿ ಹೀಗೆ: ಲಾರಿ ಅಂಗಳಕ್ಕೆ ಬರುತ್ತದೆ, ಹಮಾಲರು ಚೀಲಗಳನ್ನು ಕಂಟೇನರ್‌ಗೆ ಪೇರಿಸುತ್ತಾರೆ, ಕಸ್ಟಮ್ಸ್‌ನವರ ತಪಾಸಣೆ ಮುಗಿದು ಬಾಗಿಲಿಗೆ ಸೀಲ್ ಬೀಳುತ್ತದೆ. ಬಳಿಕ ಅದೇ ಪೆಟ್ಟಿಗೆ ರೈಲೇರಿ ಹಡಗಿಗೆ ಹೋಗುತ್ತದೆ. ದಾರಿಯಲ್ಲಿ ಚೀಲ ಇಳಿಸಿ ಏರಿಸುವ ಗೋಜಿಲ್ಲ. ನಿಜಾಮರ ಸೀಮೆಯದೇ ಆದ ಜಾಲ್ನಾದಲ್ಲಿ ಜವಾಹರಲಾಲ್ ನೆಹರು ಬಂದರಿನವರು ಒಣ ಬಂದರಿಗೆ 2015ರಲ್ಲಿ ಅಡಿಗಲ್ಲು ಹಾಕಿಸಿದರು. 2021ರ ಗತಿಶಕ್ತಿ ಕಾರ್ಗೋ ಟರ್ಮಿನಲ್ ನೀತಿ ಖಾಸಗಿಯವರ ಹಾದಿಯನ್ನು ಇನ್ನಷ್ಟು ಸಲೀಸು ಮಾಡಿತು.

ರೈಲಿಗೇ ಇಷ್ಟು ಒತ್ತು ಕೊಡಲು ಕಾರಣವಿದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಕಡಿಮೆ. ಅಷ್ಟೇ ಸರಕನ್ನು ಅಷ್ಟೇ ದೂರ ಒಯ್ಯಲು ಲಾರಿಗಿಂತ ಬಹಳ ಕಡಿಮೆ ಇಂಧನ ಸಾಕು. ಸರಕು ಸಾಗಣೆಯಲ್ಲಿ ರೈಲಿನ ಪಾಲನ್ನು 2030ರೊಳಗೆ ಶೇ. 45ಕ್ಕೆ ಏರಿಸುವುದು ರಾಷ್ಟ್ರೀಯ ರೈಲು ಯೋಜನೆಯ ಗುರಿ. ಆ ಗುರಿ ಮುಟ್ಟಬೇಕಾದರೆ ಕಲಬುರಗಿಯಂಥ ಊರುಗಳ ಚಿಲ್ಲರೆ ಸರಕೂ ಹಳಿಗೆ ಬರಬೇಕು.

2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ಮಾರ್ಗ ಪೂರ್ಣಗೊಂಡು ಕಲಬುರಗಿ ಜಿಲ್ಲೆಯ ಕಮಲಾಪುರಕ್ಕೂ ರೈಲು ಬಂತು. ಬೀದರ್‌ ಕಡೆಯಿಂದ ವಿಜಯಪುರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಕೂಡ ಅಲ್ಲಿಯೇ ಹಾದುಹೋಗುತ್ತದೆ. ಹಳಿ, ರಸ್ತೆ ಎರಡೂ ಇವೆ ಎಂದ ಮಾತ್ರಕ್ಕೆ ಅಲ್ಲಿ ಪೂರ್ಣ ಒಣ ಬಂದರು ಕಟ್ಟುವುದು ಸರಿಯೆಂದು ನನಗನ್ನಿಸದು. ಭೌಗೋಳಿಕ ಸೂಚಕ ಪಡೆದ ಕಮಲಾಪುರದ ಕೆಂಪು ಬಾಳೆ ಬೇಗ ಮಾಗಿ ಕೆಡುವ ಹಣ್ಣು. ಅದಕ್ಕೆ ಮೊದಲು ಬೇಕಾದದ್ದು ಶೀತಲ ಗೋದಾಮು. ಅದೇ ಮಾನ್ಯತೆಯ ಕಲಬುರಗಿ ತೊಗರಿಗೆ ಗಿರಾಕಿ ಬಹುಪಾಲು ದೇಶದೊಳಗೇ ಇದ್ದಾರೆ. ಭಾರತ ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ತೊಗರಿ ತರಿಸಿಕೊಳ್ಳುತ್ತದೆ. ಹಾಗಾಗಿ ಬರೀ ರಫ್ತು ನಂಬಿದರೆ ಪೆಟ್ಟಿಗೆಗಳಿಗೆ ಎರಡೂ ದಿಕ್ಕಿನ ಸರಕು ಸಿಗುವುದಿಲ್ಲ. ಖಾಲಿ ಓಡುವ ಕಂಟೇನರ್‌ನ ಬಾಡಿಗೆ ಕೊನೆಗೆ ರೈತನ ತಲೆಗೇ ಬೀಳುತ್ತದೆ. ಕಲಬುರಗಿ–ವಾಡಿ ಹಳಿಯ ಬದಿಯಲ್ಲಿ ದೇಶೀಯ ಕಂಟೇನರ್‌ಗಳಿಂದ ಆರಂಭಿಸುವ ಒಂದು ಟರ್ಮಿನಲ್, ಅದಕ್ಕೆ ಸರಕು ಕೂಡಿಸಿ ಕಳಿಸುವ ಅಂಗಳ ಮತ್ತು ಶೀತಲ ಗೋದಾಮು ಕಮಲಾಪುರದಲ್ಲಿ: ಸದ್ಯಕ್ಕೆ ಇಷ್ಟು ಕೇಳುವುದು ನ್ಯಾಯ. ಕಸ್ಟಮ್ಸ್ ಕಚೇರಿ ಸರಕು ಕುದುರಿದ ಮೇಲೆ ಬರಲಿ.