ಏಳು ಮಂದಿ ಯೋಧರ ಜಾಗ: ಭಾರತೀಯ ಸೇನೆಯ ಬಿಎಂಪಿ-2 ಆಧುನೀಕರಣದ ಒಂದು ಪರಿಶೀಲನೆ

ಭಾರತೀಯ ಸೇನೆಯ ಯಾಂತ್ರೀಕೃತ ಪದಾತಿ ದಳ ಇಂದಿಗೂ ಬಹುಪಾಲು ನೆಚ್ಚಿಕೊಂಡಿರುವುದು ಒಂದೇ ವಾಹನವನ್ನು. ಅದು ಸೋವಿಯತ್ ಮೂಲದ ಬಿಎಂಪಿ-2. ನಮ್ಮಲ್ಲಿ ಅದರ ಹೆಸರು ‘ಸಾರಥ್’. 1980ರ ಹೊತ್ತಿಗೆ ಸೋವಿಯತ್ ಸೇನೆ ಸೇರಿದ ಈ ವಾಹನದ ತಯಾರಿಕೆ 1987ರಲ್ಲಿ ಈಗಿನ ತೆಲಂಗಾಣದ ಮೇದಕ್ ಕಾರ್ಖಾನೆಯಲ್ಲಿ ಶುರುವಾಯಿತು. ಇದರ ಆಧುನೀಕರಣದ ಮಾತು ಬಂದಾಗಲೆಲ್ಲ ಚರ್ಚೆ ಟರೆಟ್‌ನ ಸುತ್ತಲೇ ಗಿರಕಿ ಹೊಡೆಯುತ್ತದೆ. ಆದರೆ ಕಾಲಾಳು ಕದನ ವಾಹನ ಇರುವುದೇ ಯೋಧರನ್ನು ಹೊತ್ತೊಯ್ದು, ಜೀವಸಹಿತ ಇಳಿಸಿ, ಅವರ ಬೆನ್ನಿಗೆ ನಿಂತು ಕಾದಾಡಲಿಕ್ಕೆ. ಆದ್ದರಿಂದ ಆಧುನೀಕರಣವನ್ನು ಒಳಗೆ ಕುಳಿತ ಏಳು ಮಂದಿಯ ಕಡೆಯಿಂದ ಅಳೆಯಬೇಕೆಂಬುದು ಈ ಲೇಖನದ ವಾದ.

ಈ ವಾಹನಗಳನ್ನೇ ನಂಬಿದ ಯಾಂತ್ರೀಕೃತ ಪದಾತಿ ರೆಜಿಮೆಂಟ್ 1979ರಲ್ಲಿ ರೂಪುಗೊಂಡಿತು. ಅದರ ಹಿಂದಿನ ಚಿಂತನೆ ಬಹುಮಟ್ಟಿಗೆ ಜನರಲ್ ಕೆ. ಸುಂದರ್‌ಜಿ ಅವರದು. ರೆಜಿಮೆಂಟಿನ ಕೇಂದ್ರ ಇರುವುದು ಮಹಾರಾಷ್ಟ್ರದ ಅಹಿಲ್ಯಾನಗರದಲ್ಲಿ (ಹಿಂದಿನ ಅಹ್ಮದ್‌ನಗರ). ಆಗ ಕೈಯಲ್ಲಿದ್ದ ಬಿಎಂಪಿ-1ರ 73 ಮಿ.ಮೀ. ಗನ್ನನ್ನು ಹೆಚ್ಚು ಮೇಲಕ್ಕೆತ್ತಲು ಆಗುತ್ತಿರಲಿಲ್ಲ. ಬಿಎಂಪಿ-2ರ 30 ಮಿ.ಮೀ. ತೋಪು 74 ಡಿಗ್ರಿಯವರೆಗೂ ಏಳುತ್ತದೆ. ಬೆಟ್ಟದ ನೆತ್ತಿಯಲ್ಲಿ ಅಡಗಿದ ಶತ್ರುವನ್ನು ಕಣಿವೆಯಿಂದಲೇ ಹೊಡೆಯಬೇಕಾದ ಸೇನೆಗೆ ಇದು ಸಣ್ಣ ಅನುಕೂಲವಲ್ಲ.

ಇನ್ನು ಒಳಗೆ ನೋಡೋಣ. ಚಾಲಕನ ಹಿಂದೆ ಒಬ್ಬ ಯೋಧ, ಹಿಂಬದಿಯಲ್ಲಿ ಆರು ಮಂದಿ. ಈ ಆರು ಜನ ಬೆನ್ನಿಗೆ ಬೆನ್ನು ಕೊಟ್ಟು ಗೋಡೆಗೆ ಮುಖಮಾಡಿ ಕೂರುತ್ತಾರೆ. ಅವರ ಬೆನ್ನುಗಳ ನಡುವೆ ಇರುವುದು ಇಂಧನದ ಟ್ಯಾಂಕ್. ಇಳಿಯಬೇಕಾದ ಹಿಂಬಾಗಿಲುಗಳ ಒಳಗೂ ಡೀಸೆಲ್ ತುಂಬುವ ವ್ಯವಸ್ಥೆಯಿದೆ. ಪಕ್ಕದ ಕವಚ ರೈಫಲ್ ಗುಂಡನ್ನು ತಡೆಯುತ್ತದೆ, ಸಮೀಪದಿಂದ ಹಾರಿದ ಭಾರೀ ಮೆಷಿನ್ ಗನ್ನಿನ ಗುಂಡನ್ನು ತಡೆಯಲಾರದು. ಅಫ್ಘಾನಿಸ್ತಾನದಲ್ಲಿ ನೆಲಬಾಂಬಿಗೆ ಹೆದರಿದ ಸೋವಿಯತ್ ಸೈನಿಕರು ಒಳಗೆ ಕೂರಲೊಲ್ಲದೆ ವಾಹನದ ಮೇಲೇರಿ ಪ್ರಯಾಣಿಸುತ್ತಿದ್ದರು. ಉಕ್ರೇನ್ ಯುದ್ಧದಲ್ಲೂ ಅದೇ ದೃಶ್ಯ ಕಾಣಿಸಿತು. ರಕ್ಷಣೆಗೆಂದೇ ಕಟ್ಟಿದ ಪೆಟ್ಟಿಗೆಯನ್ನು ಯೋಧನೇ ನಂಬದಿದ್ದರೆ ಆ ವಿನ್ಯಾಸದ ಬಗ್ಗೆ ಬೇರೆ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ಕವಚ ದಪ್ಪ ಮಾಡಿದರಾಯಿತಲ್ಲ ಎನ್ನಬಹುದು. ತೊಡಕಿರುವುದು ಅಲ್ಲೇ. ಸುಮಾರು 14 ಟನ್ ತೂಕದ ಈ ವಾಹನ ನೀರಿನಲ್ಲಿ ತೇಲುತ್ತದೆ. ಪಂಜಾಬಿನ ಕಾಲುವೆಗಳನ್ನು ಸೇತುವೆಗೆ ಕಾಯದೆ ದಾಟಲು ಅದು ಬೇಕೇ ಬೇಕು. ತೂಕ ಏರಿಸುತ್ತ ಹೋದಂತೆ ಈ ಗುಣ ಕೈತಪ್ಪುತ್ತದೆ. ಎಂಜಿನ್ನಿನ ಶಕ್ತಿ 285 ಅಶ್ವಶಕ್ತಿ, ಅಂದರೆ ಟನ್ನಿಗೆ ಸುಮಾರು 20. ಬಯಲಿನಲ್ಲಿ ಇದು ಧಾರಾಳ. ಲಡಾಖಿನ ಮಾತು ಬೇರೆ. 4,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಟರ್ಬೋಚಾರ್ಜರ್ ಇಲ್ಲದ ಈ ಡೀಸೆಲ್ ಎಂಜಿನ್ ಅಲ್ಲಿ ಏದುಸಿರು ಬಿಡುತ್ತದೆ. 2020ರ ಗಲ್ವಾನ್ ಘರ್ಷಣೆಯ ನಂತರ ಬಿಎಂಪಿಗಳನ್ನು ವಿಮಾನದಲ್ಲಿ ಸಾಗಿಸಿ ಅಲ್ಲಿ ನಿಲ್ಲಿಸಿದ್ದರಿಂದ, ಇದು ಕಾಗದದ ಮೇಲಿನ ಚಿಂತೆಯಾಗಿ ಉಳಿದಿಲ್ಲ.

ಈವರೆಗಿನ ದೊಡ್ಡ ಹೆಜ್ಜೆ ಕಣ್ಣಿಗೆ ಸಂಬಂಧಿಸಿದ್ದು. 2024ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗೆ ಆರ್ಮರ್ಡ್ ವೆಹಿಕಲ್ಸ್ ನಿಗಮದಿಂದ 3,172 ಕೋಟಿ ರೂಪಾಯಿಯ ಆದೇಶ ಬಂತು. ಬಿಎಂಪಿ-2ರ ಗುರಿದರ್ಶಕ ಮತ್ತು ಗುಂಡು ನಿಯಂತ್ರಣ ವ್ಯವಸ್ಥೆಯನ್ನು ಹೊಸದಾಗಿಸುವ ಕೆಲಸವದು. ಹಳೆಯ ಗುರಿದರ್ಶಕದಲ್ಲಿ ರಾತ್ರಿ ಕೆಲವು ನೂರು ಮೀಟರ್ ಕಂಡರೆ ಹೆಚ್ಚು. ಅದೇ ವಾಹನದ ಟ್ಯಾಂಕ್ ನಿರೋಧಕ ಕಾಂಕರ್ಸ್ ಕ್ಷಿಪಣಿಯೋ ನಾಲ್ಕು ಕಿಲೋಮೀಟರ್ ಹಾರಬಲ್ಲದು. ಕಾಣದ ಗುರಿಗೆ ಹೊಡೆಯುವುದಾದರೂ ಹೇಗೆ? ಈ ಕೊರತೆ ನೀಗಲೇಬೇಕಿತ್ತು. ಮೊದಲು ಕಂಡವನು ಮೊದಲು ಹೊಡೆಯುತ್ತಾನೆ, ಒಳಗಿನವರ ಜೀವಕ್ಕೂ ಅದು ಒಂದು ಕಾವಲು. ಆದರೆ ನೆಲಬಾಂಬನ್ನಾಗಲಿ ಮೇಲಿನಿಂದ ಎರಗುವ ಡ್ರೋನನ್ನಾಗಲಿ ಗುರಿದರ್ಶಕವೊಂದೇ ತಡೆಯಲಾರದು.

ಹಳೆಯ ಒಡಲಿಗೆ ಎಷ್ಟೇ ತೇಪೆ ಹಾಕಿದರೂ ಇಂಧನ ಟ್ಯಾಂಕಿನ ಜಾಗ ಬದಲಾಗುವುದಿಲ್ಲ. ಅದಕ್ಕೆ ಹೊಸ ವಾಹನವೇ ಬೇಕು. ಭವಿಷ್ಯದ ಕಾಲಾಳು ಕದನ ವಾಹನಕ್ಕಾಗಿ 2010ರಲ್ಲಿ ಕಂಪನಿಗಳಿಂದ ಆಸಕ್ತಿ ಪತ್ರ ಕೇಳಲಾಗಿತ್ತು. ಆ ಪ್ರಕ್ರಿಯೆ ನಿಂತಿತು, ಮತ್ತೆ ಶುರುವಾಯಿತು. 2021ರ ಜೂನ್‌ನಲ್ಲಿ 1,750 ವಾಹನಗಳಿಗಾಗಿ ಸೇನೆ ಹೊಸದಾಗಿ ಮಾಹಿತಿ ಕೋರಿತು. ಅದಕ್ಕೂ ಒಂದು ವರ್ಷ ಮುಂಚೆ, 2020ರಲ್ಲಿ, ಅದೇ ಹಳೆಯ ವಿನ್ಯಾಸದ ಇನ್ನೂ 156 ವಾಹನಗಳಿಗೆ 1,094 ಕೋಟಿ ರೂಪಾಯಿಯ ಬೇಡಿಕೆ ಸಲ್ಲಿಕೆಯಾಗಿತ್ತು. ಹೊಸದು ತಡವಾದಷ್ಟೂ ಹಳೆಯದಕ್ಕೇ ಹಣ ಹರಿಯುತ್ತದೆ. ಗುರಿದರ್ಶಕದ ಆಧುನೀಕರಣ ಈ ವಿಳಂಬಕ್ಕೆ ನೆಪವಾಗಬಾರದು. ಹೊಸ ವಾಹನದ ಮಾದರಿಗಳು ಪರೀಕ್ಷೆಗೆ ಬಂದಾಗ ಟರೆಟ್‌ನ ಅಂಕಿಅಂಶಗಳಿಗಿಂತ ಮೊದಲು ತಳದ ಕವಚ, ಇಂಧನದ ಜಾಗ, ಹಿಂಬಾಗಿಲಿನ ಅಗಲ ಮತ್ತು ಎತ್ತರದ ಪ್ರದೇಶದಲ್ಲಿ ಎಂಜಿನ್ನಿನ ಶಕ್ತಿಯನ್ನು ತೂಗಿ ನೋಡಬೇಕು.