ಪರದೆಯ ಮೇಲೆ ಹತ್ತುವ ಪಟ್ಟಿ

ಕೆಲವು ವರ್ಷಗಳ ಹಿಂದೆ ತ್ರಿಪ್ಲಿಕೇನಿನ ಒಂದು ಮ್ಯಾನ್ಷನ್ನಿನಲ್ಲಿ ಬಾಡಿಗೆಗಿದ್ದೆ. ಮ್ಯಾನ್ಷನ್ ಎಂದರೆ ಇಲ್ಲಿ ಬಂಗಲೆಯಲ್ಲ. ಒಂಟಿ ಗಂಡಸರು ತಿಂಗಳ ಬಾಡಿಗೆಗೆ ಇರುವ, ಸಾಲು ಕೋಣೆಗಳ ಲಾಡ್ಜು. ಒಂದು ಬೆಳಗ್ಗೆ ಕೆಳಗೆ ನಿಲ್ಲಿಸಿದ್ದ ಬೈಕೊಂದು ಕಾಣೆಯಾಗಿತ್ತು. ರಾತ್ರಿ ಕಾವಲಿನ ತಾತ ನಿದ್ದೆ ಮಾಡಿದ್ದನೋ, ಕಳ್ಳನ ಜೊತೆ ಸೇರಿದ್ದನೋ ಎಂಬ ಮಾತು ಶುರುವಾಯಿತು. ಗೇಟಿನ ಕ್ಯಾಮೆರಾ ನೋಡಿದರೆ ಗೊತ್ತಾಗುತ್ತದೆ ಎಂದು ಎಲ್ಲರೂ ಆಫೀಸ್ ಕೋಣೆಯಲ್ಲಿ ಸೇರಿದೆವು. ಪರದೆಯಲ್ಲಿ ಅಗಲವಾದ ಕಪ್ಪು ಪಟ್ಟಿಯೊಂದು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹತ್ತುತ್ತಿತ್ತು. ಗೇಟು ತೆರೆದವನ ತಲೆ ಕಾಣಬೇಕಾದ ಹೊತ್ತಿಗೆ ಸರಿಯಾಗಿ ಪಟ್ಟಿಯೂ ಅಲ್ಲಿಗೇ ಬಂದಿತ್ತು. ವಾರದೊಳಗೆ ತಾತನನ್ನು ಕೆಲಸದಿಂದ ಬಿಡಿಸಿದರು.

ಆ ಪಟ್ಟಿಗೆ ನೂರು ವರ್ಷಕ್ಕೂ ಹಿಂದಿನ ಚರಿತ್ರೆಯಿದೆ. ನೆಲವನ್ನೇ ತಂತಿಯಂತೆ ಬಳಸಿಕೊಂಡರೆ ಏನಾಗುತ್ತದೆ ಎಂಬುದೇ ಆ ಚರಿತ್ರೆ. ಮೊದಲ ಟೆಲಿಫೋನುಗಳಿಗೆ ಒಂದೇ ತಂತಿ ಇರುತ್ತಿತ್ತು; ವಿದ್ಯುತ್ತು ಮರಳುವ ದಾರಿ ನೆಲ. 1882ರಲ್ಲಿ ಮದ್ರಾಸಿಗೆ ಟೆಲಿಫೋನ್ ಬಂತು, 1895ರಲ್ಲಿ ದೇಶದ ಮೊದಲ ವಿದ್ಯುತ್ ಟ್ರಾಮ್ ಇದೇ ಊರಿನಲ್ಲಿ ಓಡಿತು. ಟ್ರಾಮಿನ ವಿದ್ಯುತ್ತು ಸಾಮಾನ್ಯವಾಗಿ ಹಳಿಯ ಮೂಲಕ ಮರಳುತ್ತದೆ. ಅದರಲ್ಲಿ ಒಂದಷ್ಟು ಮಣ್ಣಿಗೆ ಸೋರುತ್ತದೆ. ಒಂದೇ ನೆಲವನ್ನು ಇಬ್ಬರು ಹಂಚಿಕೊಂಡರೆ ಒಬ್ಬರ ಗದ್ದಲ ಇನ್ನೊಬ್ಬರಿಗೆ ಕೇಳುತ್ತದೆ. ಅಮೆರಿಕದ ಊರುಗಳಲ್ಲಿ ಟೆಲಿಫೋನ್ ಕಂಪನಿಗಳೂ ಟ್ರಾಮ್ ಕಂಪನಿಗಳೂ ಇದೇ ಕಾರಣಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿದವು.

ನಮ್ಮ ದೇಶದಲ್ಲಿ ಇದರ ದೊಡ್ಡ ಕಥೆ ಮುಂಬಯಿಯದು. ಕೊಲಾಬಾದ ವೀಕ್ಷಣಾಲಯ 1840ರ ದಶಕದಿಂದ ಭೂಮಿಯ ಕಾಂತಶಕ್ತಿಯನ್ನು ಅಳೆದು ದಾಖಲಿಸುತ್ತ ಬಂದಿತ್ತು. ಕುದುರೆ ಟ್ರಾಮುಗಳ ಜಾಗಕ್ಕೆ ವಿದ್ಯುತ್ ಟ್ರಾಮು ಬರುತ್ತದೆಂದು ಗೊತ್ತಾದಾಗ ಅಲ್ಲಿನ ನಿರ್ದೇಶಕ ನಾನಾಭಾಯ್ ಮೂಸ್ ಅಪಾಯವನ್ನು ಮೊದಲೇ ಗ್ರಹಿಸಿದರು. ಸಮುದ್ರದಾಚೆಯ ಅಲಿಬಾಗಿನಲ್ಲಿ 1904ರಲ್ಲಿ ಹೊಸ ವೀಕ್ಷಣಾಲಯ ಶುರುವಾಯಿತು. ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಕೊಂಡಿ ತಪ್ಪಬಾರದೆಂದು 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದರು. 1907ರಲ್ಲಿ ಮುಂಬಯಿಯಲ್ಲಿ ವಿದ್ಯುತ್ ಟ್ರಾಮ್ ಓಡಿತು. ಅಷ್ಟರಲ್ಲಿ ದಾಖಲೆ ಸುರಕ್ಷಿತವಾಗಿ ಊರು ಬಿಟ್ಟಿತ್ತು.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಪರಿಹಾರ ಎರಡು. ಬೆಲ್ 1881ರಲ್ಲಿ ಜೋಡಿ ತಂತಿಯನ್ನು ಹುರಿಗೊಳಿಸುವ ಉಪಾಯಕ್ಕೆ ಪೇಟೆಂಟ್ ಪಡೆದ: ಎರಡೂ ತಂತಿಗೆ ಒಂದೇ ಅಳತೆಯ ಗದ್ದಲ ತಗಲಿದರೆ, ವ್ಯತ್ಯಾಸವನ್ನಷ್ಟೇ ಓದುವ ಯಂತ್ರಕ್ಕೆ ಗದ್ದಲ ಕಾಣುವುದಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಒಂದು ತಂತಿಯ ಸುತ್ತ ಇನ್ನೊಂದನ್ನು ಕವಚದಂತೆ ಹೊದಿಸುವ ಕೋಆಕ್ಸಿಯಲ್ ಕೇಬಲ್ಲಿಗೆ ಪೇಟೆಂಟ್ ಪಡೆದಿದ್ದ. ನಮ್ಮ ಮ್ಯಾನ್ಷನ್ನಿನ ಗೇಟಿನಿಂದ ಆಫೀಸಿಗೆ ಬಂದಿದ್ದ ಕಪ್ಪು ಕೇಬಲ್ ಈ ಎರಡನೆಯ ವಂಶದ್ದು.

ಆದರೆ ಕವಚಕ್ಕೂ ಒಂದು ದೌರ್ಬಲ್ಯವಿದೆ. ಕ್ಯಾಮೆರಾದ ಕಡೆ ಅದು ಕಬ್ಬಿಣದ ಕಂಬದ ಮೂಲಕ ನೆಲ ಮುಟ್ಟಿ, ರೆಕಾರ್ಡರಿನ ಕಡೆ ಕಟ್ಟಡದ ಅರ್ತಿಂಗನ್ನೂ ಮುಟ್ಟಿದರೆ, ಎರಡು ನೆಲಗಳ ನಡುವಿನ ಸಣ್ಣ ವೋಲ್ಟೇಜು ಕವಚದಲ್ಲೇ ಹರಿಯತೊಡಗುತ್ತದೆ. ವೀಡಿಯೊ ಸಂಕೇತವೇ ಸುಮಾರು ಒಂದು ವೋಲ್ಟಿನದು. ಅದನ್ನು ಕೆಡಿಸಲು ಹೆಚ್ಚೇನೂ ಬೇಡ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ; ನಮ್ಮ ಹಳೆಯ ಟಿವಿ ಪದ್ಧತಿಯ ಕ್ಯಾಮೆರಾವೂ ಪರದೆಯನ್ನು ಸೆಕೆಂಡಿಗೆ 50 ಸಲ ಗೀಚುತ್ತದೆ. ಎರಡೂ ಕರಾರುವಾಕ್ಕಾಗಿ ಹೊಂದಿದರೆ ಪಟ್ಟಿ ನಿಂತಲ್ಲೇ ನಿಲ್ಲುತ್ತದೆ. 0.05ರಷ್ಟು ವ್ಯತ್ಯಾಸವಿದ್ದರೆ 20 ಸೆಕೆಂಡಿಗೊಮ್ಮೆ ಪರದೆಯನ್ನು ದಾಟುತ್ತದೆ. ನಾವು ನೋಡಿದ್ದು ಇದನ್ನೇ.

2016ರ ಜೂನ್ 24ರಂದು ನುಂಗಂಬಾಕ್ಕಂ ರೈಲು ನಿಲ್ದಾಣದಲ್ಲಿ ಹಾಡಹಗಲೇ ಯುವತಿಯೊಬ್ಬಳ ಕೊಲೆಯಾಯಿತು. ನಿಲ್ದಾಣದಲ್ಲಿ ಕ್ಯಾಮೆರಾ ಇರಲಿಲ್ಲ. ಪೊಲೀಸರು ಅಕ್ಕಪಕ್ಕದ ಬೀದಿಗಳ ಕ್ಯಾಮೆರಾಗಳನ್ನು ಹುಡುಕಬೇಕಾಯಿತು. ಮುಂದೆ ಚೆನ್ನೈ ಪೊಲೀಸರು ‘ಮೂರನೇ ಕಣ್ಣು’ ಎಂಬ ಹೆಸರಿನಲ್ಲಿ ಅಂಗಡಿ, ಮನೆ, ಬೀದಿಗಳಿಗೆಲ್ಲ ಕ್ಯಾಮೆರಾ ಹಾಕಿಸಿದರು. ಕಣ್ಣುಗಳ ಎಣಿಕೆ ನಡೆಯಿತು; ಅವುಗಳ ನರ ಸರಿಯಿದೆಯೇ ಎಂದು ನೋಡುವವರು ಕಡಿಮೆ.

ನಮ್ಮಲ್ಲಿ ಒಬ್ಬ ಹುಡುಗ ನೋಡಿದ. ರಿಚ್ಚಿ ಸ್ಟ್ರೀಟಿನಲ್ಲಿ ರಿಪೇರಿ ಕಲಿತವನು. ಮೊದಲು ಕ್ಯಾಮೆರಾವನ್ನು ಬಿಚ್ಚಿ ತಂದು ರೆಕಾರ್ಡರಿಗೆ ಗಿಡ್ಡ ಕೇಬಲ್ಲಿನಲ್ಲಿ ಜೋಡಿಸಿದ, ಚಿತ್ರ ಸ್ವಚ್ಛ. ತಪ್ಪು ಕ್ಯಾಮೆರಾದ್ದಲ್ಲ ಎಂದಾಯಿತು. ಮತ್ತೆ ಕಂಬಕ್ಕೆ ಕಟ್ಟಿ, ಅಡಾಪ್ಟರ್ ತೆಗೆದು 12 ವೋಲ್ಟಿನ ಬ್ಯಾಟರಿ ಕೊಟ್ಟ. ಪಟ್ಟಿ ಇದ್ದೇ ಇತ್ತು. ಕರೆಂಟಿನ ಪೈಪಿನ ಜೊತೆಗೇ ಎಳೆದಿದ್ದ ಕೇಬಲ್ಲನ್ನು ದೂರ ಸರಿಸಿದ, ಸ್ವಲ್ಪ ತಗ್ಗಿತು. ಕೊನೆಗೆ ಕ್ಯಾಮೆರಾಕ್ಕೂ ಕಂಬಕ್ಕೂ ನಡುವೆ ಪ್ಲಾಸ್ಟಿಕ್ ಹಲಗೆಯಿಟ್ಟು, ಸ್ಕ್ರೂ ಕಬ್ಬಿಣ ಮುಟ್ಟದಂತೆ ಬಿಗಿದ. ಪಟ್ಟಿ ಹೋಯಿತು. ಕವಚ ಈಗ ಒಂದೇ ಕಡೆ ನೆಲ ಮುಟ್ಟುತ್ತಿತ್ತು.

ಇಂಥ ಯಂತ್ರಗಳ ಕೈಪಿಡಿಯನ್ನು ನಾನು ಆಗಾಗ ಕನ್ನಡಕ್ಕೆ ತರುತ್ತೇನೆ. ಈ ದೋಷಕ್ಕೆ ‘ನೆಲದ ಸುತ್ತು’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಈಗ ಕೆಳಗೊಂದು ಸಾಲು ಸೇರಿಸುತ್ತೇನೆ: ಕ್ಯಾಮೆರಾ ಕೂರಿಸಿದ ದಿನವೇ ಚಿತ್ರ ನೋಡಿ, ಪಟ್ಟಿ ಕಂಡರೆ ಅಂದೇ ಸರಿಪಡಿಸಿ. ಹುಡುಗ ಅರ್ಧ ದಿನದಲ್ಲಿ ಮುಗಿಸಿದ ಕೆಲಸ ಅದು. ಆ ಹೊತ್ತಿಗೆ ತಾತ ಊರಿಗೆ ಹೋಗಿ ಎರಡು ತಿಂಗಳಾಗಿತ್ತು.